ಸಹಾಯ ಬೇಕು: ಓದು ಮುಗಿಯುತ್ತೆ, ದೇವರ ಮುಂದೆ ಕಾಯೋಕೆ ಹೊತ್ತೇ ಉಳಿಯಲ್ಲ

ಕರ್ತನ ನಾಮದಲ್ಲಿ ವಂದನೆಗಳು. ನಮ್ಮ ಕುಟುಂಬ ಪ್ರಾರ್ಥನೆ ಬೆಳಿಗ್ಗೆ 20 ನಿಮಿಷ. ತಾರೀಖಿಗೆ 30 ಕೂಡಿಸ್ತಾ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ದಿನಕ್ಕೆ 5 ಕೀರ್ತನೆ ಓದ್ತೀವಿ: 7ನೇ ತಾರೀಖಾದ್ರೆ 7, 37, 67, 97, 127. ತಿಂಗಳಿಗೆ 150 ಮುಗಿಯುತ್ತೆ. ಆದ್ರೆ 18ರಂದು 78ನೇ ಕೀರ್ತನೆಯೊಂದೇ 72 ವಚನ, 29ರಂದು 119ನೇದು 176 ವಚನ! ಅದನ್ನ 31ಕ್ಕೆ ಹಾಕಿ ನೋಡಿದ್ವಿ. 31 ಬರೋದು ವರ್ಷದಲ್ಲಿ 7 ತಿಂಗಳು ಮಾತ್ರ.

ನಿಜವಾದ ತೊಂದರೆ ಬೇರೆ. ಬೈಬಲಿನ ಯಾಕೋಬನ ಪತ್ರಿಕೆ 1:5 ಹೇಳೋ ಹಾಗೆ ಜ್ಞಾನ ಕೇಳ್ಕೊಂಡು, ಸುಮ್ಮನೆ ಕೂತು ದೇವರ ಚಿತ್ತಕ್ಕೆ ಕಾಯೋಕೆ ಎರಡು ನಿಮಿಷವೂ ಸಿಗ್ತಿಲ್ಲ. ಅಲಾರಂ ಬೇಗ ಇಟ್ರೆ ಮಕ್ಕಳು ತೂಕಡಿಸ್ತಾರೆ. ದಿನಾ ಕೂತು ಅಭ್ಯಾಸ ಮಾಡಿರೋರು ಹೇಳಿ: ಬೆಳಿಗ್ಗೆ ಒಂದೇ ಕೀರ್ತನೆ ಇಟ್ಟು ಉಳಿದ ನಾಲ್ಕನ್ನ ರಾತ್ರಿಗೆ ಹಾಕೋದಾ, ಇಲ್ಲ 5 ತಿಂಗಳಿಗೆ ಹಂಚಿ ದಿನಕ್ಕೊಂದೇ ಓದೋದಾ?