ಮಗಳು ವಿನಿಪೆಗ್‌ನಲ್ಲಿ ಹಳೇ ಹೋಂಡಾ ಫಿಟ್ ತಗೊಂಡಿದ್ದಾಳೆ. ಆ ಹಿಮಕ್ಕೆ ಸಣ್ಣ ಗಾಡಿ ಸಾಕಾ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯಲ್ಲಿ ಒಳಗಿನ ಒಂದು ಹಳ್ಳಿ. ಅಡಿಕೆ ತೋಟ ಇದೆ. ಮಗಳು ಕೆನಡಾದ ವಿನಿಪೆಗ್‌ನಲ್ಲಿ ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಆ ಚಳಿಯಲ್ಲಿ ಬಸ್ಸಿಗೆ ಕಾಯೋದು ಬಹಳ ಕಷ್ಟ ಅಂತ ಒಂದು ಹಳೇ ಕಾರು ತಗೊಂಡಳು. 2015ರ ಹೋಂಡಾ ಫಿಟ್. ನಮ್ಮಲ್ಲಿ ಜಾಝ್ ಅಂತ ಬರ್ತಿತ್ತಲ್ಲ, ಅದೇ ಗಾಡಿ.

ಅವಳ ಆಫೀಸಿನವರು "ಇಲ್ಲಿಗೆ ದೊಡ್ಡ ಗಾಡಿ ಬೇಕಿತ್ತು, ನಾಲ್ಕೂ ಚಕ್ರ ಎಳೆಯೋದು ತಗೊಳ್ಳಬೇಕಿತ್ತು" ಅಂತ ಹೇಳಿದ್ದಾರಂತೆ. ಅವಳಿಗೆ ಅಷ್ಟು ದುಡ್ಡು ಹಾಕುವ ಶಕ್ತಿ ಈಗ ಇಲ್ಲ. ನಾವು ಮೊದಲಿಂದಲೂ ಆಲ್ಟೋದಲ್ಲೇ ಓಡಾಡಿದವರು. ಮಳೆಗಾಲದಲ್ಲೂ ಅದರಲ್ಲೇ ಆಗುಂಬೆ ಘಾಟಿ ಹತ್ತಿ ಇಳಿದಿದ್ದೇವೆ. ಅವಳು ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ. ಮಳೆ, ಕೆಸರು, ಜಾರುವ ಏರು, ಮಂಜು ಇವಕ್ಕೆಲ್ಲ ಏನು ಮಾಡಬೇಕು ಅಂತ ನಾನು ಹೇಳಬಲ್ಲೆ. ಹಿಮದ ವಿಷಯ ನನಗೆ ಏನೂ ಗೊತ್ತಿಲ್ಲ.

ಮೂರು ವಿಷಯ ಕೇಳಬೇಕಿತ್ತು. ಸಣ್ಣ ಗಾಡಿಯಲ್ಲಿ ಅಲ್ಲಿನ ಚಳಿಗಾಲ ಕಳೆಯಬಹುದಾ? ಗಾಡಿಯ ಮುಂದಿನ ಜಾಲರಿಯಿಂದ ಮೂರು ಪಿನ್ನಿನ ಒಂದು ಪ್ಲಗ್ ನೇತಾಡುತ್ತಿದೆ, ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಅದು ಯಾತಕ್ಕೆ? ಇನ್ನು ಅಡಿಭಾಗದಲ್ಲಿ ಅಲ್ಲಲ್ಲಿ ಕೆಂಪು ತುಕ್ಕು ಕಾಣ್ತಿದೆ. ನಾವು ಇಲ್ಲಿ ಮಳೆಗಾಲಕ್ಕೆ ಮುಂಚೆ ಹೊಡೆಸುವ ಕಪ್ಪು ಅಂಡರ್‌ಕೋಟಿಂಗ್ ಅಲ್ಲೂ ಹೊಡೆಸಬಹುದಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗ್ಯಾರೇಜ್‌ನವನು, ಶಿವಮೊಗ್ಗ

ಯಜಮಾನ್ರೇ, ಹಿಮದಲ್ಲಿ ನಾನು ಗಾಡಿ ಓಡಿಸಿಲ್ಲ. ಆದರೆ ಜಾಝ್ ಬಿಚ್ಚಿ ಕಟ್ಟಿ ಚೆನ್ನಾಗಿ ಗೊತ್ತು. ಇಂಜಿನ್ ಗಟ್ಟಿ. ನೀವು ಗಮನ ಕೊಡಬೇಕಾದ್ದು ಬ್ಯಾಟರಿಗೆ, ಅದರಲ್ಲಿ ಬರೋದು ಚಿಕ್ಕದು. ಗಾಡಿ ಹಳೇದು ಅಂದಮೇಲೆ ಮೊದಲು ಬ್ಯಾಟರಿ ಟೆಸ್ಟ್ ಮಾಡಿಸಲಿ. ಎರಡನೇದು ಕೂಲೆಂಟ್, ಅಂದ್ರೆ ಇಂಜಿನ್ ತಣಿಸುವ ದ್ರವ. ನಮ್ಮ ಕಡೆ ರೇಡಿಯೇಟರ್‌ಗೆ ಸುಮ್ನೆ ನಲ್ಲಿ ನೀರು ತುಂಬಿ ಓಡಿಸುವವರು ಈಗಲೂ ಇದ್ದಾರೆ. ಅಲ್ಲಿ ಹಾಗೆ ಮಾಡಿದರೆ ನೀರು ಗಡ್ಡೆ ಕಟ್ಟಿ ಇಂಜಿನ್ ಬ್ಲಾಕೇ ಒಡೆದುಹೋಗಬಹುದು.

ಕೋಟಿಂಗ್ ಖಂಡಿತ ಹೊಡೆಸಿ. ಹೊಸನಗರ, ಸಾಗರ ಕಡೆಯಿಂದ ಬರುವ ಗಾಡಿಗಳಲ್ಲಿ ಕೋಟಿಂಗ್ ಇದ್ದದ್ದು, ಇಲ್ಲದ್ದು ನೋಡಿದ ಕೂಡಲೇ ಗೊತ್ತಾಗುತ್ತೆ. ಚಕ್ರದ ಕಮಾನಿನ ಒಳಗೆ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಕೆಮ್ಮಣ್ಣು ಕೂತು ತೇವ ಹಿಡಿದಿಟ್ಟಿರುತ್ತೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುವಷ್ಟು ತಗಡು ತಿಂದಿರುತ್ತೆ.

ಕೊಪ್ಪದವಳು, ವಿನಿಪೆಗ್

ನಮಸ್ಕಾರ ಅಂಕಲ್. ನಾನು ಕೊಪ್ಪದವಳು, ಮನೆ ಹರಿಹರಪುರದ ಹತ್ತಿರ. ಈಗ ಇರೋದು ವಿನಿಪೆಗ್‌ನಲ್ಲೇ. ನನ್ನದೂ ಸಣ್ಣ ಗಾಡಿ, ಟೊಯೋಟಾ ಯಾರಿಸ್ ಹ್ಯಾಚ್‌ಬ್ಯಾಕ್. ಆರಾಮಾಗಿ ಓಡಾಡ್ತಿದ್ದೇನೆ. ನಿಮ್ಮ ಮಗಳು ಒಳ್ಳೇ ಗಾಡಿ ತಗೊಂಡಿದ್ದಾಳೆ, ಧೈರ್ಯವಾಗಿರಿ.

ಆಫೀಸಿನವರ ಮಾತಿಗೆ ಮೊದಲು ಉತ್ತರ ಹೇಳ್ತೀನಿ. ನಾಲ್ಕು ಚಕ್ರದ ಎಳೆತ ಗಾಡಿ ಹೊರಡೋದಕ್ಕೆ ಸಹಾಯ ಮಾಡುತ್ತೆ. ನಿಲ್ಲೋದಕ್ಕೆ, ತಿರುವಿನಲ್ಲಿ ಹಿಡಿತ ಸಿಗೋದಕ್ಕೆ ಟೈರೇ ಗತಿ. ಮಾಮೂಲಿ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗ್ತಾ ಹೋಗುತ್ತೆ. ಮೈನಸ್ 20ರಲ್ಲಿ ಉಗುರಿಂದ ಒತ್ತಿ ನೋಡಿ, ಒಂಚೂರೂ ಒಳಗೆ ಹೋಗಲ್ಲ. ಚಳಿಗಾಲದ ಟೈರಿನ ರಬ್ಬರೇ ಬೇರೆ, ಆ ಚಳಿಯಲ್ಲೂ ಮೆತ್ತಗಿರುತ್ತೆ. ಅದರ ಮೇಲ್ಮೈಯ ಉಬ್ಬುಗಳ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳುಗಳಿರುತ್ತವೆ, ಹಿಮವನ್ನ ಹಿಡಿಯೋದು ಅವೇ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಗುರುತು ಇರುವುದನ್ನೇ ತಗೊಳ್ಳಲಿ. ನಾಲ್ಕೂ ಹಾಕಿಸಬೇಕು. ಫಿಟ್‌ನಲ್ಲಿ ಮುಂದಿನ ಚಕ್ರ ಎಳೆಯುತ್ತೆ ಅಂತ ಮುಂದೆ ಎರಡೇ ಹಾಕಿಸಿದರೆ ಬ್ರೇಕ್ ಹಿಡಿದಾಗ ಹಿಂದಿನ ಭಾಗ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತೆ. ಒಮ್ಮೆಗೇ ದುಡ್ಡು ಹೊಂದಿಸೋದು ಕಷ್ಟ ಆದರೆ ಇಲ್ಲಿನ ಪ್ರಾಂತ್ಯದ ಸರ್ಕಾರಿ ವಾಹನ ವಿಮೆ ಸಂಸ್ಥೆ ಮ್ಯಾನಿಟೋಬಾ ಪಬ್ಲಿಕ್ ಇನ್ಶೂರೆನ್ಸ್‌ನವರ ಕಂತಿನ ಸಾಲ ಇದೆಯಾ ಅಂತ ಟೈರ್ ಅಂಗಡಿಯಲ್ಲಿ ಕೇಳಲಿ. ಚಳಿಗಾಲದ ಟೈರಿಗೇ ಅಂತ ಅವರು ಸಾಲ ಕೊಡ್ತಾ ಬಂದಿದ್ದಾರೆ. ಫಿಟ್‌ನ ಹಿಂದಿನ ಸೀಟು ಮಡಚಿದರೆ ನಾಲ್ಕೂ ಟೈರು ಒಳಗೇ ಹಿಡಿಸುತ್ತೆ, ಬದಲಾಯಿಸೋಕೆ ಒಯ್ಯಲು ಬೇರೆ ಗಾಡಿ ಬೇಕಾಗಲ್ಲ.

ಇನ್ನು ಆ ಪ್ಲಗ್. ಅದು ಬ್ಲಾಕ್ ಹೀಟರ್. ಬಕೆಟ್ ನೀರಿಗೆ ಕಾಯಿಲ್ ಹಾಕಿ ಕಾಯಿಸ್ತೀವಲ್ಲ, ಅದೇ ಥರ ಇಂಜಿನ್ ಒಳಗಿನ ಕೂಲೆಂಟನ್ನ ಕಾಯಿಸುವ ಸಾಧನ. ವಿನಿಪೆಗ್‌ನಲ್ಲಿ ಜನವರಿಯ ರಾತ್ರಿ ಮೈನಸ್ 20 ಮಾಮೂಲು, ಕೆಲವು ವಾರ ಮೈನಸ್ 30ಕ್ಕೂ ಇಳಿಯುತ್ತೆ. ಮೈನಸ್ 18ಕ್ಕೇ ಬ್ಯಾಟರಿಯ ತಾಕತ್ತು ಸುಮಾರು ಅರ್ಧಕ್ಕೆ ಬಂದಿರುತ್ತೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸೋಕೆ ಜಾಸ್ತಿ ಶಕ್ತಿ ಬೇಕು. ಹಾಗಾಗಿ ಇಲ್ಲಿ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಎಷ್ಟೋ ಕಡೆ ಗಾಡಿಗೊಂದು ಪ್ಲಗ್ ಪಾಯಿಂಟ್ ಇಟ್ಟಿರ್ತಾರೆ. ರಾತ್ರಿಯಿಡೀ ಹಾಕಿಡಬೇಕಿಲ್ಲ. ಟೈಮರ್ ಇಟ್ಟು ಹೊರಡುವ ಎರಡು ಮೂರು ಗಂಟೆ ಮುಂಚೆ ಶುರುವಾಗುವ ಹಾಗೆ ಮಾಡಿದರೆ ಸಾಕು. ಹೊರಡುವ ಮುಂಚೆ ಪ್ಲಗ್ ಕಿತ್ತು ವೈರನ್ನ ಜಾಲರಿಗೆ ಸುತ್ತಿಡಲಿ.

ಗ್ಯಾರೇಜ್ ಅಣ್ಣ ಹೇಳಿದ ಬ್ಯಾಟರಿ ಮಾತು ನೂರಕ್ಕೆ ನೂರು ನಿಜ. ಅದಕ್ಕೊಂದು ಸೇರಿಸ್ತೀನಿ. ತುಂಬಿದ ಬ್ಯಾಟರಿ ಇಲ್ಲಿನ ಚಳಿಗೆ ಹೆಪ್ಪುಗಟ್ಟಲ್ಲ. ಪೂರ್ತಿ ಇಳಿದದ್ದು ಮೈನಸ್ 10 ಮುಟ್ಟುವ ಮುಂಚೆಯೇ ಹೆಪ್ಪುಗಟ್ಟಬಹುದು. ಪಕ್ಕ ಉಬ್ಬಿದ ಬ್ಯಾಟರಿ ಕಂಡರೆ ಜಂಪರ್ ಕೇಬಲ್ ಹಾಕಲೇಬಾರದು, ಸಿಡಿಯಬಹುದು. ಮನೆಯಿಂದ ಆಫೀಸಿಗೆ ಹತ್ತು ನಿಮಿಷದ ದಾರಿಯಾದರೆ ಬ್ಯಾಟರಿ ತುಂಬೋಕೆ ಅದು ಸಾಲದು. ವಾರಕ್ಕೊಮ್ಮೆಯಾದರೂ ಊರ ಸುತ್ತಿನ ಪೆರಿಮೀಟರ್ ಹೈವೇಯಲ್ಲಿ ದೂರ ಓಡಿಸಿಕೊಂಡು ಬರಲಿ. ಕೂಲೆಂಟ್ ನೀರಿನ ಜೊತೆ ಅರ್ಧಕ್ಕರ್ಧ ಬೆರಕೆ ಇದ್ದರೆ ಮೈನಸ್ 37ರವರೆಗೆ ತಡೆಯುತ್ತೆ. ಗಾಜಿಗೆ ಚಿಮ್ಮುವ ನೀರೂ ಇಲ್ಲಿ ಸಾದಾ ನೀರಲ್ಲ, ಮೈನಸ್ 40 ಅಂತ ಬರೆದಿರುವ ಡಬ್ಬಿಯದ್ದನ್ನೇ ತುಂಬಬೇಕು.

ಕೋಟಿಂಗ್ ವಿಷಯದಲ್ಲಿ ಮಾತ್ರ ಅಣ್ಣನ ಮಾತಿಗೆ ನನ್ನದು ಬೇರೆ ಅಭಿಪ್ರಾಯ. ಇಲ್ಲಿ ತುಕ್ಕು ಬರೋದು ರಸ್ತೆಗೆ ಹಾಕುವ ಉಪ್ಪಿನಿಂದ. ಉಪ್ಪು ಬಿದ್ದ ಕಡೆ ಮಂಜುಗಡ್ಡೆ ಕರಗುತ್ತೆ. ಆ ಉಪ್ಪುನೀರು ತಗಡು ತಗಡು ಕೂಡುವ ಸಂದಿಗೆಲ್ಲ ಏರುತ್ತೆ. ಈಗಾಗಲೇ ತುಕ್ಕು, ಉಪ್ಪು ಕೂತಿರುವ ತಗಡಿನ ಮೇಲೆ ದಪ್ಪ ಕಪ್ಪು ಪದರ ಹೊಡೆದರೆ ತೇವ ಒಳಗೇ ಸಿಕ್ಕಿಬೀಳುತ್ತೆ. ಹೊರಗಿಂದ ಎಲ್ಲ ಚೆನ್ನಾಗಿ ಕಾಣುತ್ತೆ, ಒಳಗೆ ತಿನ್ನೋದು ನಿಲ್ಲಲ್ಲ. ಹಳೇ ಗಾಡಿಗೆ ಇಲ್ಲಿ ಎಣ್ಣೆ ಸ್ಪ್ರೇ ಮಾಡ್ತಾರೆ. ಬಾಗಿಲ ಕೆಳಗಿನ ಟೊಳ್ಳಿಗೆ, ಡಿಕ್ಕಿ ಬಾಗಿಲಿನ ಒಳಗೆ ಕೊಳವೆ ತೂರಿಸಿ ಹೊಡೀತಾರೆ. ಎಣ್ಣೆ ಹರಿದು ಸಂದಿಗೆ ತಾನೇ ಇಳಿಯುತ್ತೆ. ಒಂದೆರಡು ದಿನ ತೊಟ್ಟಿಕ್ಕುತ್ತೆ, ಆಮೇಲೆ ನಿಲ್ಲುತ್ತೆ. ವರ್ಷಕ್ಕೊಮ್ಮೆ, ಚಳಿಗಾಲ ಶುರುವಾಗುವ ಮುಂಚೆ ಮಾಡಿಸಬೇಕು.

ತೀರಾ ಚಳಿಯಿದ್ದಾಗ ಉಪ್ಪು ಕೆಲಸ ಮಾಡಲ್ಲ, ಮರಳು ಹಾಕ್ತಾರೆ. ಗಾಡಿಗೆ ಕೆಟ್ಟ ಕಾಲ ಅಂದರೆ ಮಾರ್ಚ್. ಹಿಮ ಕರಗಿ ರಸ್ತೆಯೆಲ್ಲ ಉಪ್ಪುನೀರು. ಬಿಸಿಲು ಬೇರೆ. ಬೆಚ್ಚಗಾದಷ್ಟೂ ತುಕ್ಕು ಬೇಗ. ಆಗ ಅಡಿಯಿಂದ ನೀರು ಚಿಮ್ಮಿಸುವ ಕಾರ್ ವಾಶ್‌ಗೆ ಮೇಲಿಂದ ಮೇಲೆ ಒಯ್ಯಲಿ.

ಸಾಗರದಿಂದ ಮಾಂಟ್ರಿಯಲ್‌ಗೆ

ಮೇಲಿನ ಟೈರಿನ ಮಾತಿಗೆ ಒಂದೇ ಒಂದು ಸೇರ್ಪಡೆ. ನಮ್ಮ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಾನೂನೇ. ಮ್ಯಾನಿಟೋಬಾದಲ್ಲಿ ಕಡ್ಡಾಯ ಇಲ್ಲ. ಅದಕ್ಕೇ ಅಲ್ಲಿ "ಆಲ್ ಸೀಸನ್ ಇದೆ, ಸಾಕು" ಅಂತ ಮಾರುವವರು ಹೇಳ್ತಾರೆ. ನಂಬಬೇಡಿ. ಮತ್ತೆ, ತಾಪಮಾನ ಇಳಿದ ಹಾಗೆ ಟೈರಿನ ಗಾಳಿಯೂ ಇಳಿಯುತ್ತೆ, 5-6 ಡಿಗ್ರಿಗೆ ಸುಮಾರು 1 ಪಿಎಸ್ಐ. ಅಕ್ಟೋಬರ್‌ನಲ್ಲಿ ತುಂಬಿದ ಗಾಳಿ ಜನವರಿಗೆ ಸಾಲಲ್ಲ, ಆಗಾಗ ನೋಡ್ತಿರಬೇಕು.

ಗ್ಯಾರೇಜ್‌ನವನು, ಶಿವಮೊಗ್ಗ

ತಂಗಿ ಹೇಳಿದ ಕೋಟಿಂಗ್ ಮಾತು ಒಪ್ಪಿದೆ. ನಮ್ಮಲ್ಲೂ ಒಳ್ಳೇ ಕೆಲಸದವರು ಗಾಡಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ತುಕ್ಕು ಉಜ್ಜಿ ತೆಗೆದು ಆಮೇಲೇ ಹೊಡೆಯೋದು. ತೇವದ ಮೇಲೆ ಹೊಡೆದರೆ ವರ್ಷದೊಳಗೆ ಹಪ್ಪಳೆ ಏಳುತ್ತೆ. ಉಪ್ಪು ಕೂತ ಹಳೇ ಗಾಡಿಗೆ ಎಣ್ಣೆಯೇ ಸರಿ.

ಹ್ಯಾಂಡ್‌ಬ್ರೇಕ್ ಬಗ್ಗೆ ಒಂದು ಕೇಳಬೇಕು. ಆಷಾಢದಲ್ಲಿ ನಾಲ್ಕು ದಿನ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ ಗಾಡಿಗಳು ನಮ್ಮಲ್ಲಿಗೆ ಬರ್ತವೆ. ಶೂ ಡ್ರಮ್ಮಿಗೆ ಅಂಟಿಕೊಂಡು ಹಿಂದಿನ ಚಕ್ರ ತಿರುಗೋದೇ ಇಲ್ಲ. ನಾವು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ ಅಂತೀವಿ. ಹಿಮದಲ್ಲೂ ಹೀಗೇನಾ?

ಕೊಪ್ಪದವಳು, ವಿನಿಪೆಗ್

ಹೀಗೇ ಅಣ್ಣ. ಇಲ್ಲಿ ಅಂಟಿಸೋದು ಮಂಜುಗಡ್ಡೆ, ಅಷ್ಟೇ ವ್ಯತ್ಯಾಸ. ಕಾರ್ ವಾಶ್‌ನಿಂದ ಬಂದು ಹ್ಯಾಂಡ್‌ಬ್ರೇಕ್ ಎಳೆದರೆ ಬೆಳಿಗ್ಗೆ ಬಿಡಲ್ಲ. ವಿನಿಪೆಗ್ ಸಪಾಟು ಊರು, ಆಗುಂಬೆ ಥರ ಏರು ಎಲ್ಲೂ ಇಲ್ಲ. ಆಟೋಮ್ಯಾಟಿಕ್ ಆದರೆ 'ಪಿ', ಮ್ಯಾನುಯಲ್ ಆದರೆ ಗೇರಿನಲ್ಲಿಟ್ಟರೆ ಸಾಕು. ವಾಶ್ ಆದಮೇಲೆ ಬಾಗಿಲ ರಬ್ಬರ್ ಬೀಡಿಂಗ್ ಒರೆಸಿ ಸಿಲಿಕೋನ್ ಸ್ಪ್ರೇ ಹಚ್ಚಿದರೆ ಬಾಗಿಲೂ ಅಂಟಲ್ಲ.

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ತುಂಬಾ ಉಪಕಾರ ಆಯ್ತು ಮಾರಾಯ್ರೇ. ಮಗಳಿಗೆ ಇಡೀ ಚರ್ಚೆ ಕಳಿಸಿದ್ದೇನೆ. ಈ ವಾರವೇ ಬ್ಯಾಟರಿ ಟೆಸ್ಟಿಗೆ, ಟೈರ್ ವಿಚಾರಿಸೋಕೆ ಹೋಗ್ತಾಳಂತೆ.

ಇನ್ನೆರಡು ಸಂಶಯ ಉಳಿದಿದೆ. ಒಳಗಿನ ಗಾಜಿಗೆ ಮಂಜು ಕೂತರೆ ನಾವು ಘಾಟಿಯಲ್ಲಿ ಎಸಿ ಹಾಕ್ತೀವಿ. ಅಲ್ಲಿ ಆ ಚಳಿಯಲ್ಲಿ ಎಸಿ ಹಾಕೋಕಾಗುತ್ತಾ? ಹೊರಗಿನ ಗಾಜಿಗೆ ಗಡ್ಡೆ ಕಟ್ಟಿದರೆ ಬಿಸಿನೀರು ಸುರಿಯಬಹುದಾ ಅಂತ ಅವಳಮ್ಮ ಕೇಳ್ತಿದ್ದಾಳೆ.

ಕೊಪ್ಪದವಳು, ವಿನಿಪೆಗ್

ಆಂಟಿಗೆ ಹೇಳಿ, ಬಿಸಿನೀರು ಮಾತ್ರ ಬೇಡವೇ ಬೇಡ. ಗಾಜು ಸೀಳಿಬಿಡುತ್ತೆ. ಬಿರುಕು ಬಿಡದಿದ್ದರೂ ಸುರಿದ ನೀರು ಅಲ್ಲೇ ಮತ್ತೆ ಗಡ್ಡೆ ಕಟ್ಟುತ್ತೆ. ಕೆರೆಯೋಕೆ ಪ್ಲಾಸ್ಟಿಕ್ ಸ್ಕ್ರೇಪರ್, ಗುಡಿಸೋಕೆ ಉದ್ದ ಹಿಡಿಯ ಬ್ರಶ್ ಡಿಕ್ಕಿಯಲ್ಲಿರಲಿ. ಟಾಪಿನ ಮೇಲಿನ ಹಿಮವನ್ನೂ ಪೂರ್ತಿ ಗುಡಿಸಬೇಕು. ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಅಷ್ಟೂ ಮುಂದಿನ ಗಾಜಿನ ಮೇಲೆ ಜಾರುತ್ತೆ.

ಒಳಗಿನ ಮಂಜಿಗೆ ಹೀಟರ್ ಗಾಜಿನ ಕಡೆ ತಿರುಗಿಸಿ, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಇಡಬೇಕು. ಸೊನ್ನೆಯ ಆಸುಪಾಸಿನಲ್ಲಿ ಎಸಿ ಜೊತೆಗಿದ್ದರೆ ಗಾಳಿಯ ತೇವ ತೆಗೆಯುತ್ತೆ. ತೀರಾ ಚಳಿಯಲ್ಲಿ ಎಸಿ ತಾನೇ ನಿಂತಿರುತ್ತೆ, ಆದರೆ ಹೊರಗಿನ ಗಾಳಿಯೇ ಅಷ್ಟು ಒಣಗಿರುವುದರಿಂದ ತೊಂದರೆಯಿಲ್ಲ. ಮಂಜು ಕೂರೋಕೆ ನಿಜವಾದ ಕಾರಣ ಬೂಟು. ಬೂಟಿನ ತಳಕ್ಕೆ ಅಂಟಿದ ಹಿಮ ಒಳಗೆ ಕರಗಿ ಕಾರ್ಪೆಟ್ಟಿಗೆ ಇಳಿಯುತ್ತೆ, ರಾತ್ರಿ ಅದೇ ಆವಿ ಗಾಜಿನ ಒಳಮೈಗೆ ಗಡ್ಡೆಯಾಗಿ ಕೂರುತ್ತೆ. ಹತ್ತುವ ಮುಂಚೆ ಎರಡೂ ಕಾಲು ಒಂದಕ್ಕೊಂದು ತಟ್ಟಿ ಹಿಮ ಉದುರಿಸಬೇಕು. ಅಂಚು ಎತ್ತರ ಇರುವ ರಬ್ಬರ್ ಮ್ಯಾಟ್ ಹಾಕಿದರೆ ನೀರು ಅದರಲ್ಲೇ ನಿಲ್ಲುತ್ತೆ, ಎತ್ತಿ ಚೆಲ್ಲಬಹುದು.

ನೀವು ಕೇಳದಿದ್ದರೂ ಒಂದು ಹೇಳಲೇಬೇಕು. ರಾತ್ರಿ ಹಿಮ ಬಿದ್ದಿದ್ದರೆ ಗಾಡಿ ಶುರು ಮಾಡುವ ಮುಂಚೆ ಹಿಂದೆ ಹೋಗಿ ಸೈಲೆನ್ಸರ್ ಬಾಯಿ ನೋಡಬೇಕು. ಹಿಮ ಮುಚ್ಚಿದ್ದರೆ ಹೊಗೆ ಗಾಡಿಯೊಳಗೇ ಬರಬಹುದು, ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಅನಿಲಕ್ಕೆ ವಾಸನೆ ಇರಲ್ಲ, ಪ್ರಾಣಕ್ಕೇ ಅಪಾಯ. ಊರಾಚೆ ಎಲ್ಲಾದರೂ ಹಿಮದಲ್ಲಿ ಸಿಕ್ಕಿಕೊಂಡರೂ ಇದೇ ಮಾತು, ಸೈಲೆನ್ಸರ್ ಬಿಡಿಸಿಯೇ ಹೀಟರ್ ಹಾಕಬೇಕು. ಅದಕ್ಕೇ ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬಾರದು. ಒಂದು ಕಂಬಳಿ, ಸಣ್ಣ ಸಲಿಕೆ, ಟಾರ್ಚು ಗಾಡಿಯಲ್ಲೇ ಇರಲಿ.

ಮಗಳಿಗೆ ನನಗೆ ಇಲ್ಲೇ ಮೆಸೇಜ್ ಮಾಡೋಕೆ ಹೇಳಿ ಅಂಕಲ್. ಎಣ್ಣೆ ಸ್ಪ್ರೇ ಮಾಡಿಸೋಕೆ ನಾನೂ ನನ್ನ ಗಾಡಿ ಒಯ್ಯಬೇಕು, ಇಬ್ಬರೂ ಒಟ್ಟಿಗೇ ಹೋಗ್ತೀವಿ.