ಪದ ಬೇಕು: ‘ನಂಬ್‌ನೆಸ್’ಗೆ ಜೋಮೋ, ಮರಗಟ್ಟುವುದೋ?

ಎಲ್ಲರಿಗೂ ನಮಸ್ಕಾರ,

ಬೆನ್ನುಮೂಳೆ ಆಪರೇಷನ್ ಆದವರು ಮನೆಗೆ ಹೋದ ಮೇಲೆ ಬಳಸುವ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಕೊಡಬೇಕು. ನೋವಿಗೆ 0ಯಿಂದ 10ರವರೆಗೆ ಅಂಕ, ಗಾಯದ ಫೋಟೊ, ನಡೆದ ಹೆಜ್ಜೆಗಳ ಲೆಕ್ಕ, ಇವೆಲ್ಲ ಸಲೀಸಾಗಿ ಆಯಿತು. ಆದರೆ ‘ಟಿಂಗ್ಲಿಂಗ್’ ಇದೆಯೇ, ‘ನಂಬ್‌ನೆಸ್’ ಇದೆಯೇ ಅಂತ ಬೇರೆ ಬೇರೆ ಕೇಳುತ್ತದೆ. ನಾನು ಎರಡಕ್ಕೂ ಜೋಮು ಅನ್ನುವವಳು. ಏನು ಹಾಕಲಿ?

> ಎರಡಕ್ಕೂ ಜೋಮು

ತಪ್ಪು. ಮೊದಲನೆಯದು ಜುಮುಜುಮು, ಎರಡನೆಯದು ಮರಗಟ್ಟುವುದು. ಇದು ‘ಮರೆ’ಯಿಂದ ಬಂದದ್ದು ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ: ಹಳಗನ್ನಡದ ‘ಮಱೆ’ಯಲ್ಲಿರುವುದು ಶಕಟರೇಫ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ), ಮರದಲ್ಲಿರುವುದು ಮಾಮೂಲಿ ರೇಫ (‘ರ’). ತಮಿಳಿನ ‘ಮರತ್ತುಪ್ಪೋ’ದಲ್ಲೂ ಮಾಮೂಲಿ ರೇಫವೇ. ಮರದ ಹಾಗಾಗುವುದು, ಅಷ್ಟೇ. ಅಂದಹಾಗೆ ‘ಆ್ಯಪ್’ ಯಾಕೆ? ‘ಬಳಕ’ ಅನ್ನಬಾರದೇ?

> ‘ಬಳಕ’ ಅನ್ನಬಾರದೇ?

ನಿಮ್ಮ ‘ಮಾಮೂಲಿ’ ಅರಬ್ಬಿಯದು, ಎರಡು ಸಲ ಬಳಸಿದ್ದೀರಿ. ‘ಶಸ್ತ್ರಚಿಕಿತ್ಸೆ’ ಪೂರ್ತಿ ಸಂಸ್ಕೃತ, ಅದಕ್ಕೆ ಯಾರೂ ಕೆಮ್ಮುವುದಿಲ್ಲ. ಆ್ಯಪ್ ಅಂದರೆ ಮಾತ್ರ ಮೈಮೇಲೆ ಬರುತ್ತದೆ.

ಅದಿರಲಿ. ಇಂಥ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ‘ಮರಗಟ್ಟಿದೆಯೇ’ ಅಂದರೆ ಎಷ್ಟೋ ಜನ ‘ಸೆಟೆದುಕೊಂಡಿದೆಯೇ’ ಅಂದುಕೊಳ್ಳುತ್ತಾರೆ. ಆಪರೇಷನ್ ಆದ ಬೆನ್ನು ಸೆಟೆದುಕೊಳ್ಳದೆ ಇರುತ್ತದೆಯೇ? ಸುಮ್ನೆ ‘ಹೌದು’ ಒತ್ತುತ್ತಾರೆ. ‘ಸ್ಯಾಡಲ್’ ಭಾಗದ (ಕೂತಾಗ ಕೆಳಗೆ ತಾಗುವ ಜಾಗ) ಬಗ್ಗೆಯೂ ಒಂದು ಪ್ರಶ್ನೆ ಇರಬೇಕು, ನೋಡಿ. ಅಲ್ಲಿ ಮುಟ್ಟಿದ್ದು ಗೊತ್ತಾಗದೆ, ಮೂತ್ರವೂ ಕಟ್ಟಿಕೊಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಬೆನ್ನಿನ ತಳದ ನರಗೊಂಚಲು ಒತ್ತಿಕೊಂಡಿರಬಹುದು. (ಲ್ಯಾಟಿನ್‌ನಲ್ಲಿ ಆ ಗೊಂಚಲಿನ ಹೆಸರೇ ಕುದುರೆ ಬಾಲ.) ಪದ ಹುಡುಕಬೇಡಿ, ವಾಕ್ಯ ಹಾಕಿ.

> ‘ಸ್ಯಾಡಲ್’ ಭಾಗ

ಇದೆ. ‘ಜೀನಿನ ಭಾಗ’ ಅಂತ ಹಾಕಿಬಿಟ್ಟಿದ್ದೆ! ಈಗ ಬದಲಿಸಿದೆ: ‘ಸೈಕಲ್ ಸೀಟು ತಾಗುವ ಜಾಗದಲ್ಲಿ ಮುಟ್ಟಿದರೆ ಗೊತ್ತಾಗುತ್ತಿಲ್ಲವೇ?’ ಕೆಳಗೆ ಎರಡು ಬಟನ್: ಹೌದು, ಇಲ್ಲ. ಸರಿಯಾ?

> ಹೌದು, ಇಲ್ಲ

ಸರಿಯಿಲ್ಲ. ಮುಟ್ಟಿದ್ದು ಗೊತ್ತಾಗದವನು ‘ಹೌದು, ಗೊತ್ತಾಗುತ್ತಿಲ್ಲ’ ಅಂತಲೂ ಒತ್ತಬಹುದು, ‘ಇಲ್ಲ, ಗೊತ್ತಾಗುತ್ತಿಲ್ಲ’ ಅಂತಲೂ ಒತ್ತಬಹುದು. ಕನ್ನಡದಲ್ಲಿ ಎರಡೂ ನಡೆಯುತ್ತದೆ, ಅಲ್ವಾ? ‘ಗೊತ್ತಾಗುತ್ತದೆಯೇ’ ಅಂತ ಕೇಳಿ. ಬಟನ್ ಮೇಲೆ ‘ಗೊತ್ತಾಗುತ್ತದೆ’, ‘ಗೊತ್ತಾಗುವುದಿಲ್ಲ’ ಅಂತಲೇ ಬರೆಯಿರಿ.

ಸೈಕಲ್ಲು, ಸೀಟು ಎರಡೂ ಇಂಗ್ಲಿಷು. ಆ ಜಗಳ ನೀವು ಕೆಲಸ ಒಪ್ಪಿಸಿದ ಮೇಲೆ.