ಕಮ್ಯೂನಿಟಿ ಫೌಂಡೇಷನ್ ಗ್ರಾಂಟ್: ಅರ್ಜಿಗೆ ಮುಂಚೆ ಮಾಡಬೇಕಾದ ಕೆಲಸ

ಪ್ರಶ್ನೆ: ನಮಸ್ಕಾರ ಮೇಡಂ. ಒಹಾಯೋದಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಸಂಘ ಇದೆ, 501(ಸಿ)(3), ಅಂದರೆ ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆ ಅಂತ ಮಾನ್ಯತೆ ಸಿಕ್ಕಿದೆ. ಮಕ್ಕಳ ಜೊತೆ ಇರಲು ಬಂದ ಹಿರಿಯರು ವಾರಕ್ಕೊಮ್ಮೆ ಸೇರುವ ಹಾಗೆ ಏನಾದರೂ ಮಾಡಬೇಕು ಅಂತ ಆಸೆ. ಕಮ್ಯೂನಿಟಿ ಫೌಂಡೇಷನ್‌ಗೆ ಫಾರ್ಮ್ ತುಂಬಿ ಕಳಿಸಿದರೆ ಸಾಕಾ?

ಉತ್ತರ: ನಮಸ್ಕಾರ ಸರ್. ಫಾರ್ಮ್ ಆಮೇಲೆ. ಮೊದಲು ಅಲ್ಲಿ ಗ್ರಾಂಟ್ ಅರ್ಜಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ಒಂದು ಇಮೇಲ್ ಹಾಕಿ, ಮಾತಾಡಲು ಸಮಯ ಕೇಳಿ. ಅದೇ ಅವರ ಕೆಲಸ, ಸಂಕೋಚ ಬೇಡ.

ಈ ಫೌಂಡೇಷನ್‌ಗಳು ಒಂದು ಊರಿನ ಅನೇಕ ದಾನಿಗಳ ಹಣ ಸೇರಿಸಿ, ಆ ಊರಿಗೇ ಖರ್ಚು ಮಾಡುತ್ತವೆ. ಇದು ಶುರುವಾಗಿದ್ದೇ ನಿಮ್ಮ ರಾಜ್ಯದಲ್ಲಿ, 1914ರಲ್ಲಿ, ಕ್ಲೀವ್‌ಲ್ಯಾಂಡ್ ಫೌಂಡೇಷನ್‌ನಿಂದ. ಹಾಗಾಗಿ ಅರ್ಜಿ ಓದುವವರು ನೋಡುವುದು ಒಂದೇ: ಇದರಿಂದ ನಮ್ಮ ಊರಿನವರಿಗೆ ಏನಾಗುತ್ತೆ? ನಮ್ಮ ಸಂಘಗಳು ಎಡವುವುದು ಇಲ್ಲೇ. ಯುಗಾದಿ ಮಾಡಿದೆವು, ರಾಜ್ಯೋತ್ಸವ ಮಾಡಿದೆವು ಅಂತ ಪುಟ ತುಂಬಿಸುತ್ತೇವೆ. ಅದರ ಬದಲು ಆ ಹಿರಿಯರ ದಿನ ಹೇಗೆ ಕಳೆಯುತ್ತೆ ಅಂತ ಬರೆಯಿರಿ. ಕಾರು ಓಡಿಸಲು ಬರಲ್ಲ, ಇಂಗ್ಲಿಷ್ ಕಷ್ಟ, ಬೆಳಗ್ಗೆಯಿಂದ ಸಂಜೆವರೆಗೆ ಮನೆಯಲ್ಲಿ ಒಬ್ಬರೇ. ಎಷ್ಟು ಜನ ಇದ್ದಾರೆ, ಯಾರು ಕರೆತರುತ್ತಾರೆ, ವರ್ಷದ ಕೊನೆಗೆ ಏನು ಬದಲಾಗಿರಬೇಕು, ಇವು ಬೇಕು. ಊರಿನ ಲೈಬ್ರರಿ ಅಥವಾ ಸೀನಿಯರ್ ಸೆಂಟರ್ ಜೊತೆ ಸೇರಿ, ಬೇರೆ ಭಾಷೆಯ ಹಿರಿಯರಿಗೂ ಬಾಗಿಲು ತೆರೆದರೆ ಅರ್ಜಿಗೆ ಬಲ ಜಾಸ್ತಿ.

ಬಜೆಟ್‌ನಲ್ಲಿ ಬರೆದದ್ದಕ್ಕೂ ಅರ್ಜಿಯ ವಿವರಣೆಯಲ್ಲಿ ಹೇಳಿದ್ದಕ್ಕೂ ತಾಳೆ ಇರಬೇಕು. ವ್ಯಾನ್ ಬಗ್ಗೆ ಒಂದು ಪುಟ ಬರೆದು, ಬಜೆಟ್‌ನಲ್ಲಿ ಬಾಡಿಗೆ ಹಾಕದೆ ಬಿಟ್ಟರೆ ಓದುವವರಿಗೆ ನಂಬಿಕೆ ಹೋಗುತ್ತೆ.

ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕೊಟ್ಟ ಮಾನ್ಯತೆ ಪತ್ರ, ಬೋರ್ಡ್ ಸದಸ್ಯರ ಪಟ್ಟಿ, ಹಿಂದಿನ ವರ್ಷದ ಲೆಕ್ಕ ಮೊದಲೇ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ವರ್ಷದ ಆದಾಯ ಸಾಮಾನ್ಯವಾಗಿ 50,000 ಡಾಲರ್ ಒಳಗಿದ್ದರೆ ಐಆರ್‌ಎಸ್‌ಗೆ ಪ್ರತಿ ವರ್ಷ ಸಲ್ಲಿಸುವ ವರದಿಯಾಗಿ 990-ಎನ್ ಅನ್ನುವ ಚಿಕ್ಕ ಆನ್‌ಲೈನ್ ಫಾರ್ಮ್ ಸಾಕು, ಕೆಲವೇ ನಿಮಿಷದ ಕೆಲಸ. ಆದರೆ ಸತತ 3 ವರ್ಷ ಬಿಟ್ಟರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. ಪದಾಧಿಕಾರಿಗಳು ಬದಲಾದಾಗ ಇದು ಸುಲಭವಾಗಿ ಮರೆತುಹೋಗುತ್ತೆ, ಇವತ್ತೇ ನೋಡಿ ಸರ್.

ಇನ್ನೊಬ್ಬರು: ನಮಗೆ 501(ಸಿ)(3) ಇನ್ನೂ ಸಿಕ್ಕಿಲ್ಲ ಅಕ್ಕಾ. ಕಾಯಲೇಬೇಕಾ?

ಉತ್ತರ: ಕಾಯಬೇಕಾಗಿಲ್ಲಮ್ಮ. ಈಗಾಗಲೇ ಮಾನ್ಯತೆ ಇರುವ ಸಂಸ್ಥೆಯೊಂದು ಫಿಸ್ಕಲ್ ಸ್ಪಾನ್ಸರ್ ಆಗಿ ನಿಮ್ಮ ಪರವಾಗಿ ಹಣ ಪಡೆಯಬಹುದು. ಕರಾರು ಬರಹದಲ್ಲಿರಲಿ, ಅವರು ಎಷ್ಟು ಶೇಕಡಾ ಹಿಡಿದುಕೊಳ್ಳುತ್ತಾರೆ ಅಂತ ಮೊದಲೇ ಕೇಳಿ. ಫೌಂಡೇಷನ್ ಇದನ್ನು ಒಪ್ಪುತ್ತಾ ಅಂತಲೂ ಕೇಳಿಕೊಳ್ಳಿ.

ಮೊದಲು ಕೇಳಿದವರು: ಇದೇ ಹಣದಲ್ಲಿ ಸ್ವಲ್ಪ ಭಾರತದಲ್ಲಿರುವ ನಮ್ಮೂರಿನ ಶಾಲೆಗೆ ಕಳಿಸಬಹುದಾ ಮೇಡಂ?

ಉತ್ತರ: ಬೇಡ ಸರ್. ಗ್ರಾಂಟ್ ಯಾವ ಕೆಲಸಕ್ಕೆ ಬಂತೋ ಅದಕ್ಕೇ ಹೋಗಬೇಕು. ಶಾಲೆಗೆ ಬೇರೆಯಾಗಿ ದೇಣಿಗೆ ಎತ್ತಿ. ಅಲ್ಲಿ ಹಣ ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಿಸುವ ಭಾರತದ ಕಾಯ್ದೆ) ನೋಂದಣಿ ಇದೆಯಾ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಅದರ ಖಾತೆ ಇದೆಯಾ ಅಂತ ನೋಡಿ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಆ ಖಾತೆಗೇ ಬರಬೇಕು.